ಬಂಕಿನ ಹುಡುಗ ಇಲ್ಲದ ಬಂಕ್

ಪೆಟ್ರೋಲ್ ಬಂಕಿನಲ್ಲಿ ಒಂದು ಸೌಲಭ್ಯ ಇದೆ. ಅದಕ್ಕೆ ಬೋರ್ಡ್ ಹಾಕಿರಲ್ಲ, ನಾವೂ ಅದನ್ನ ಸೌಲಭ್ಯ ಅಂತ ಎಣಿಸಲ್ಲ. ಅದು ಪೆಟ್ರೋಲ್ ಹಾಕೋ ಹುಡುಗ. ಈಗೀಗ ಎಷ್ಟೋ ಕಡೆ ಹುಡುಗೀರೂ ಇದ್ದಾರೆ. ಹಿಂದಿನ ಚಕ್ರದ ಎರಡೂ ಕಡೆ ಸೈಡ್ ವೀಲ್ ಹಾಕಿಸಿದ ಸ್ಕೂಟರ್‌ನಲ್ಲಿ ಒಬ್ಬರು ಬಂದು ನಿಂತರು ಅಂತಿಟ್ಕೊಳ್ಳಿ. ಊರುಗೋಲು ಪಕ್ಕದಲ್ಲಿ ಸಿಕ್ಕಿಸಿದೆ. "ಇನ್ನೂರಕ್ಕೆ ಹಾಕಪ್ಪ" ಅಂದರೆ ಮುಗೀತು. ಮುಚ್ಚಳ ತೆಗೆಯೋದು, ಪೈಪ್ ಎಳೆದು ತರೋದು, "ಜೀರೋ ನೋಡ್ಕೊಳ್ಳಿ ಸಾರ್" ಅನ್ನೋದು, ಸ್ಕ್ಯಾನರನ್ನ ಕೈಯಳತೆಗೆ ಹಿಡಿಯೋದು, ಎಲ್ಲ ಅವನದೇ ಕೆಲಸ. ಸೀಟಿನ ಕೆಳಗೆ ಟ್ಯಾಂಕ್ ಇರೋ ಗಾಡಿಯಾದರೆ ಇಳಿಯಬೇಕಾಗುತ್ತೆ, ಅದಕ್ಕೂ ಅವನು ಒಂದು ಕೈ ಕೊಡ್ತಾನೆ.

ಈಗ ಅದೇ ವ್ಯಕ್ತಿ ಎಲೆಕ್ಟ್ರಿಕ್ ಗಾಡಿ ತಗೊಂಡು ಚಾರ್ಜಿಂಗ್ ಸ್ಟೇಷನ್‌ಗೆ ಬರಲಿ. ಅಲ್ಲಿ ಒಂದು ಕಟ್ಟೆ, ಕಟ್ಟೆ ಮೇಲೆ ಒಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಒಂದು ಕ್ಯೂಆರ್ ಕೋಡ್. ಸುತ್ತ ಯಾರೂ ಇಲ್ಲ. ಇಳೀಬೇಕು, ನಡೀಬೇಕು, ಕಟ್ಟೆ ಹತ್ತಬೇಕು, ಸ್ಕ್ಯಾನ್ ಮಾಡಬೇಕು, ಗನ್ ಕಿತ್ತು ಗಾಡಿವರೆಗೆ ಎಳೆದು ತಂದು ಒತ್ತಿ ಸಿಕ್ಕಿಸಬೇಕು. ಒಂದು ಕೈ ಊರುಗೋಲಿಗೆ ಮೀಸಲು ಅನ್ನೋದನ್ನ ಮರೀಬೇಡಿ.

ನಾನು ಹೇಳೋಕೆ ಹೊರಟಿರೋದು ಇಷ್ಟೆ. ಬಂಕಿನಲ್ಲಿ ಡಿಸೈನ್ ಕೆಟ್ಟದಾಗಿದ್ದರೂ ನಡೀತಿತ್ತು, ಯಾಕಂದ್ರೆ ಡಿಸೈನಿನ ತಪ್ಪನ್ನೆಲ್ಲ ಒಬ್ಬ ಮನುಷ್ಯ ತುಂಬಿಕೊಡ್ತಿದ್ದ. ಚಾರ್ಜಿಂಗ್ ಸ್ಟೇಷನ್‌ನಲ್ಲಿ ಆ ಮನುಷ್ಯನನ್ನ ತೆಗೆದಿದ್ದೀವಿ, ಅವನು ಮಾಡ್ತಿದ್ದ ಕೆಲಸವನ್ನ ಯಾರಿಗೂ ಒಪ್ಪಿಸಿಲ್ಲ. ಆ ಕೆಲಸ ಈಗ ಕಟ್ಟೆ, ಕೇಬಲ್, ಕನೆಕ್ಟರ್, ಆ್ಯಪ್ ಇವುಗಳಿಗೆ ಸೇರಬೇಕು. ಇವನ್ನ ಮಾಡೋರು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿಎಸ್‌ನವರು. ಅಂದ್ರೆ ಇದನ್ನ ಓದ್ತಿರೋ ನೀವು.

"ಅಂಥವರು ಎಷ್ಟು ಜನ ಇದ್ದಾರೆ?" ಅಂತ ಕೇಳೋರು ಕ್ಲಾಸಲ್ಲಿ ಒಬ್ಬರಾದ್ರೂ ಇರ್ತಾರೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಆಮೇಲೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಗುರುತಿಸಿದೆ, ಹಾಗಾಗಿ ಈಗ ಎಣಿಸಿದರೆ ಸಂಖ್ಯೆ ಮೇಲಕ್ಕೇ ಹೋಗುತ್ತೆ. ಅಂಕಿಅಂಶ ಬೇಡ ಅನ್ನೋದಾದರೆ ಯಾವುದಾದರೂ ತಾಲ್ಲೂಕು ಕಚೇರಿ ಮುಂದೆ ಅರ್ಧ ಗಂಟೆ ನಿಂತು ಸೈಡ್ ವೀಲ್ ಸ್ಕೂಟರ್ ಎಣಿಸಿ. ಜೆರಾಕ್ಸ್ ಅಂಗಡಿ ನಡೆಸೋರು, ಗುಮಾಸ್ತರು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡೋ ಪುನರ್ವಸತಿ ಕಾರ್ಯಕರ್ತರು, ದಿನಾ ಓಡಾಡೋ ಜನ ಇವರು. ಕಾನೂನಿನ ಭಾಷೆ ಕೂಡ ಬದಲಾಗಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗಳಿಗೆ ಮೊದಲು 'ಇನ್‌ವ್ಯಾಲಿಡ್ ಕ್ಯಾರೇಜ್' ಅನ್ನೋ ಹೆಸರಿತ್ತು. 2019ರ ತಿದ್ದುಪಡಿಯಲ್ಲಿ ಅದು ಹೋಗಿ 'ಅಡಾಪ್ಟೆಡ್ ವೆಹಿಕಲ್' ಬಂತು.

ಇವರಿಗೆ ಎಲೆಕ್ಟ್ರಿಕ್ ಗಾಡಿ ಯಾಕೆ ಮುಖ್ಯ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಪೆಟ್ರೋಲ್ ಸ್ಕೂಟರ್ ಲೀಟರ್‌ಗೆ 45 ಕಿ.ಮೀ. ಕೊಟ್ಟರೆ, ಲೀಟರ್ ನೂರು ರೂಪಾಯಿ ಅಂತ ಹಿಡಿದರೂ ಕಿಲೋಮೀಟರಿಗೆ ಎರಡು ರೂಪಾಯಿ ಮೇಲೆ. ಎಲೆಕ್ಟ್ರಿಕ್ ಸ್ಕೂಟರ್ ಕಿಲೋಮೀಟರಿಗೆ 30 ವ್ಯಾಟ್ ಅವರ್ ತಿಂದರೆ, ಯೂನಿಟ್‌ಗೆ 15 ರೂಪಾಯಿ ಕೊಟ್ಟರೂ 45 ಪೈಸೆ. ಸೈಡ್ ವೀಲ್ ಹಾಕಿದರೆ ಎರಡೂ ಸ್ವಲ್ಪ ಕೆಡುತ್ತೆ, ಅನುಪಾತ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಬಸ್ ಹತ್ತೋಕೆ ಆಗದೆ, ದಿನಾ ಸ್ವಂತ ಗಾಡಿಯಲ್ಲೇ ಹೋಗಬೇಕಾದವರಿಗೆ ಈ ವ್ಯತ್ಯಾಸ ತಿಂಗಳ ಕೊನೆಗೆ ಚೆನ್ನಾಗಿ ಗೊತ್ತಾಗುತ್ತೆ. ಮನೆ ಮುಂದೆ ಪಾರ್ಕಿಂಗ್, ಪಾರ್ಕಿಂಗಲ್ಲಿ ಪ್ಲಗ್ ಪಾಯಿಂಟ್ ಇರೋರು ಬಚಾವ್. ಬಾಡಿಗೆ ರೂಮಿನವರು ಸಾರ್ವಜನಿಕ ಚಾರ್ಜರನ್ನೇ ನೆಚ್ಚಿಕೊಳ್ಳಬೇಕು.

ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಚಾರ್ಜಿಂಗ್ ವ್ಯವಸ್ಥೆಗೆ ಬೆಸ್ಕಾಂ ನೋಡಲ್ ಏಜೆನ್ಸಿ. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳು ರಾಜ್ಯದಲ್ಲಿ ಐದು ಸಾವಿರ ದಾಟಿವೆ, ದೊಡ್ಡ ಪಾಲು ಬೆಂಗಳೂರಲ್ಲೇ. ಈ ಹೆಮ್ಮೆ ಎಲ್ಲ ಸರಿ. ಆದರೆ ಅವು ಹೇಗಿವೆ ನೋಡೋಣ ಅಂತ ಮೊನ್ನೆ ನಾವು ಮೂವರು ಒಂದು ಟೇಪು, ಫಿಸಿಕ್ಸ್ ಲ್ಯಾಬಿನಿಂದ ಒಂದು ಸ್ಪ್ರಿಂಗ್ ಬ್ಯಾಲೆನ್ಸ್ ತಗೊಂಡು ಒಂದು ಸ್ಟೇಷನ್‌ಗೆ ಹೋದ್ವಿ. ಯಾವುದು ಅಂತ ಹೆಸರು ಹೇಳಲ್ಲ, ಒಂದನ್ನೇ ಬೈದು ಪ್ರಯೋಜನ ಇಲ್ಲ. ಸೆಕ್ಯೂರಿಟಿಯವರು ನಮ್ಮನ್ನ ಇಲಾಖೆಯವರು ಅಂದುಕೊಂಡು ಟೀ ಕೊಟ್ಟರು.

ಚಾರ್ಜರ್ ಕೂತಿರೋ ಕಾಂಕ್ರೀಟ್ ಕಟ್ಟೆ ನೆಲದಿಂದ 20 ಸೆಂಟಿಮೀಟರ್ ಎತ್ತರ, ಸುತ್ತ ಎಲ್ಲ ಕಡೆ ಒಂದು ಮೊಳದಷ್ಟು ಹೊರಗೆ ಚಾಚಿದೆ. ನೀರು ನುಗ್ಗಬಾರದು ಅಂತ ಎತ್ತರ ಮಾಡಿದ್ದಾರೆ, ಬೆಂಗಳೂರಿನ ಮಳೆ ನೋಡಿದರೆ ಅದು ತಪ್ಪಲ್ಲ. ಆದರೆ ವೀಲ್‌ಚೇರ್ ಆ ಕಟ್ಟೆಯ ಅಂಚಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಕೈ ಚಾಚಿದರೆ ಸ್ಕ್ರೀನ್ ಸಿಗಲ್ಲ. ಕಟ್ಟೆ ಮುಂದೆ ಗಾಡಿ ಗುದ್ದದಿರಲಿ ಅಂತ ಎರಡು ಕಬ್ಬಿಣದ ಗೂಟ, ನಡುವೆ 60 ಸೆಂಟಿಮೀಟರ್ ಜಾಗ. ವೀಲ್‌ಚೇರ್ ನುಸಿಯೋಕೆ ಸಾಮಾನ್ಯವಾಗಿ 90 ಬೇಕು. ಸ್ಕ್ರೀನಿನ ನಡುಭಾಗ ನೆಲದಿಂದ 148 ಸೆಂಟಿಮೀಟರ್. ನನ್ನ ಕಣ್ಣಿಗೆ ಸರಿಯಾಗಿದೆ, ಕೂತವರಿಗೆ ಬಿಸಿಲಿನ ಪ್ರತಿಫಲನ ಬಿಟ್ಟು ಬೇರೇನೂ ಕಾಣಲ್ಲ. ಅಮೆರಿಕದ ಎಡಿಎ ಮಾನದಂಡದಲ್ಲಿ ಕೂತವರ ಕೈಗೆ ಎಟುಕುವ ಮಿತಿ 48 ಇಂಚು, ಸುಮಾರು 122 ಸೆಂಟಿಮೀಟರ್.

ಮೆಕ್ಯಾನಿಕಲ್‌ನವರು ಇಲ್ಲಿ ಗಮನಿಸಿ. ಅದೇ ಎಡಿಎ ಮಾನದಂಡ ಹೇಳೋ ಪ್ರಕಾರ ಕೈಯಿಂದ ನಡೆಸೋ ಭಾಗಗಳು ಒಂದೇ ಕೈಯಲ್ಲಿ ಆಗಬೇಕು, ಬಿಗಿಯಾಗಿ ಹಿಡಿಯೋದು ಅಥವಾ ಮಣಿಕಟ್ಟು ತಿರುಚೋದು ಇರಬಾರದು, ಬಲ 5 ಪೌಂಡ್ ಮೀರಬಾರದು. 5 ಪೌಂಡ್ ಅಂದ್ರೆ ಸುಮಾರು 22 ನ್ಯೂಟನ್. ಈಗ ಟೈಪ್ 2 ಅಥವಾ ಸಿಸಿಎಸ್ 2 ಕನೆಕ್ಟರಿನ ಯಾವುದಾದರೂ ಡೇಟಾಶೀಟ್ ತೆಗೆದು ನೋಡಿ. ಸಿಕ್ಕಿಸೋಕೆ, ಕೀಳೋಕೆ ಬೇಕಾದ ಬಲ '100 ನ್ಯೂಟನ್‌ಗಿಂತ ಕಡಿಮೆ' ಅಂತ ಬರೆದಿರುತ್ತೆ. 22 ಎಲ್ಲಿ, 100 ಎಲ್ಲಿ! ನಮ್ಮ ಸ್ಪ್ರಿಂಗ್ ಬ್ಯಾಲೆನ್ಸಿನಲ್ಲಿ ಗನ್ ಕಿತ್ತಾಗ ಆರು ಕೆಜಿ ತೋರಿಸ್ತು, ಅಂದ್ರೆ 59 ನ್ಯೂಟನ್. ಕೇಬಲ್ಲಿನ ಭಾರ ಬೇರೆ. ಡಿಸಿ ಫಾಸ್ಟ್ ಚಾರ್ಜರಿನ ಕೇಬಲ್ ನಿಮ್ಮ ಹೆಬ್ಬೆರಳಿಗಿಂತ ದಪ್ಪ, ನೆಲದ ಮೇಲೆ ಬಿದ್ದಿದ್ದರೆ ಎತ್ತೋಕೆ ಬಗ್ಗಬೇಕು. ಪಿನ್‌ಗಳ ಸಂಖ್ಯೆ, ಕಾಂಟ್ಯಾಕ್ಟ್ ಒತ್ತಡ, ನೀರು ತಡೆಯೋ ಸೀಲ್ ಇವೆಲ್ಲ ಇರೋದರಿಂದ ಬಲವನ್ನ 22ಕ್ಕೆ ಇಳಿಸೋದು ಸುಲಭ ಅಲ್ಲ ಅಂತ ಗೊತ್ತು. ಆದರೆ ಕೇಬಲ್ಲಿನ ತೂಕ ಹೊರೋಕೆ ಮೇಲಿನಿಂದ ಸ್ಪ್ರಿಂಗ್ ಬ್ಯಾಲೆನ್ಸರ್ ಹಾಕೋದು ಯಾವ ರಾಕೆಟ್ ವಿಜ್ಞಾನ? ಕಾರಿನ ಫ್ಯಾಕ್ಟರಿಗಳಲ್ಲಿ ಭಾರದ ಟೂಲ್‌ಗಳನ್ನ ಹಾಗೇ ನೇತುಹಾಕಿರ್ತಾರೆ.

ಇನ್ನೊಂದು ತಮಾಷೆ. 5 ಪೌಂಡ್ ನಿಯಮದಿಂದ ಪೆಟ್ರೋಲ್ ಪಂಪಿನ ನಾಝಲ್‌ಗೆ ಅಮೆರಿಕದಲ್ಲಿ ವಿನಾಯಿತಿ ಇದೆ. ಅಲ್ಲಿ ಪೆಟ್ರೋಲ್ ತಾವೇ ಹಾಕ್ಕೋಬೇಕು, ಆದರೆ ವಿಕಲಚೇತನ ಚಾಲಕರು ಕೇಳಿದರೆ ಸಿಬ್ಬಂದಿ ಬಂದು ಹಾಕಿಕೊಡಬೇಕು ಅನ್ನೋದು ಕಾನೂನು. ಸ್ಟೇಷನ್‌ನಲ್ಲಿ ಒಬ್ಬರೇ ಇದ್ದರೆ ಮಾತ್ರ ರಿಯಾಯಿತಿ. ಅಲ್ಲೂ ಕೊನೆಗೆ ಒಬ್ಬ ಮನುಷ್ಯನೇ ಬೇಕಾಯ್ತು. ಚಾರ್ಜಿಂಗ್ ಸ್ಟೇಷನ್‌ಗೆ ಇದು ಹೊಂದಲ್ಲ ಅಂತ ಗೊತ್ತಾಗಿ ಅಲ್ಲಿನ ಆ್ಯಕ್ಸೆಸ್ ಬೋರ್ಡ್ 2022ರಲ್ಲಿ ಪ್ರತ್ಯೇಕ ಶಿಫಾರಸುಗಳನ್ನ ತಂತು. ಚಾರ್ಜಿಂಗ್ ಜಾಗ 11 ಅಡಿ ಅಗಲ, 20 ಅಡಿ ಉದ್ದ, ಪಕ್ಕದಲ್ಲಿ 5 ಅಡಿ ಓಡಾಡೋ ಜಾಗ. ಪಾರ್ಕಿಂಗಿಗೆ ಬಾಗಿಲು ತೆಗೆಯುವಷ್ಟು ಜಾಗ ಸಾಕು. ಇಲ್ಲಿ ಗಾಡಿಯ ಸುತ್ತ ಬಂದು ಪೋರ್ಟ್ ಹುಡುಕಬೇಕು, ಅದಕ್ಕೆ ಇಷ್ಟು ಅಗಲ. ನಮ್ಮ ಕಟ್ಟಡ ನಿಯಮಗಳಲ್ಲಿ ವಿಕಲಚೇತನರ ಕಾರ್ ಪಾರ್ಕಿಂಗಿಗೆ 3.6 ಮೀಟರ್ ಅಗಲ ಅನ್ನೋದು ಹಳೇ ಮಾತು, ಅದನ್ನೇ ಚಾರ್ಜಿಂಗ್ ಜಾಗಕ್ಕೂ ಎಳೆದರೆ ಶುರುಮಾಡಬಹುದು. ಆದರೆ ನಮ್ಮಲ್ಲಿ ಕಾರಿಗಿಂತ ಮೊದಲು ಯೋಚಿಸಬೇಕಾದ್ದು ಮೂರು–ನಾಲ್ಕು ಚಕ್ರದ ಸ್ಕೂಟರ್ ಬಗ್ಗೆ. ಬೈಕಿಗೆ ಅಂತ ಗೆರೆ ಎಳೆದ ಜಾಗದಲ್ಲಿ ಸೈಡ್ ವೀಲ್ ಗಾಡಿ ಹಿಡಿಸಲ್ಲ, ಹಿಡಿಸಿದರೂ ಇಳಿಯೋಕೆ ಜಾಗ ಇರಲ್ಲ. ಐಐಟಿ ಮದ್ರಾಸ್‌ನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್ ಅಂತ ಒಂದಿದೆ, ವೀಲ್‌ಚೇರಿನ ಮುಂದೆ ಸಿಕ್ಕಿಸೋ ಬ್ಯಾಟರಿ ಗಾಡಿ, ಗಂಟೆಗೆ 25 ಕಿ.ಮೀ. ವೇಗ. ಅದರಲ್ಲಿ ಫುಡ್ ಡೆಲಿವರಿ ಮಾಡೋರೂ ಇದ್ದಾರೆ. ಅಂಥವರು ಮಧ್ಯಾಹ್ನ ಚಾರ್ಜ್ ಮುಗಿದರೆ ಎಲ್ಲಿಗೆ ಹೋಗಬೇಕು? ಅವರಿಗೆ ಬೇಕಾದ್ದು ದೊಡ್ಡ ಚಾರ್ಜರ್ ಅಲ್ಲ, ಕೂತು ಎಟುಕುವ ಎತ್ತರದಲ್ಲಿ ಒಂದು ಸಾದಾ ಸಾಕೆಟ್ ಮತ್ತು ಮೇಲೊಂದು ಶೀಟ್.

ಬ್ಯಾಟರಿ ಸ್ವ್ಯಾಪಿಂಗ್ ಇದಕ್ಕೆಲ್ಲ ಉತ್ತರ ಅಂತ ನನ್ನ ರೂಮ್‌ಮೇಟ್ ವಾದ ಮಾಡ್ತಾನೆ. ಒಂದೊಂದು ಬ್ಯಾಟರಿ ಹತ್ತು ಕೆಜಿ ಆಸುಪಾಸು ತೂಗುತ್ತೆ. ಒಂದು ಕೈಲಿ ಊರುಗೋಲು ಹಿಡಿದು ಅದನ್ನ ಎತ್ತಿ ಎದೆಮಟ್ಟದ ಗೂಡಿಗೆ ತಳ್ಳಿ ತೋರಿಸು ಅಂದೆ. ಸುಮ್ಮನಾದ.

ಕೈಕಾಲು ಸರಿ ಇರೋರಿಗೂ ಆ್ಯಪ್ ಕಾಟ ಇದ್ದೇ ಇದೆ, ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ವ್ಯಾಲೆಟ್. ಕಣ್ಣು ಕಾಣದವರು ಗಾಡಿ ಓಡಿಸಲ್ಲ, ಹಾಗಾಗಿ ಅವರಿಗೂ ಚಾರ್ಜಿಂಗಿಗೂ ಸಂಬಂಧ ಇಲ್ಲ ಅಂದುಕೊಂಡರೆ ತಪ್ಪು. ಗಾಡಿ ಅವರದೇ ಆಗಿ ಡ್ರೈವರ್ ಬೇರೆ ಇರಬಹುದು, ದುಡ್ಡು ಕಟ್ಟೋರು ಅವರೇ ಇರಬಹುದು. ಮಂದದೃಷ್ಟಿಯವರು, ವಯಸ್ಸಾದವರು ಕೂಡ ಇದ್ದಾರೆ. ಟಾಕ್‌ಬ್ಯಾಕ್ ಆನ್ ಮಾಡಿ ಯಾವುದಾದರೂ ಚಾರ್ಜಿಂಗ್ ಆ್ಯಪ್ ತೆರೆದು ನೋಡಿ, "ಬಟನ್, ಬಟನ್, ಹೆಸರಿಲ್ಲದ ಬಟನ್" ಅಂತ ಓದೋದು ಎಷ್ಟು ಸಲ ಅಂತ ಎಣಿಸಿ. ಚಾರ್ಜ್ ಆಗ್ತಿದೆಯೋ ಇಲ್ವೋ ಅನ್ನೋದನ್ನ ಕೆಂಪು–ಹಸಿರು ದೀಪದಲ್ಲಿ ಮಾತ್ರ ತೋರಿಸಿದರೆ ಆ ಎರಡು ಬಣ್ಣ ಬೇರೆ ಮಾಡೋಕೆ ಆಗದವರು ಏನು ಮಾಡಬೇಕು? "ತೊಂದರೆಯಾದರೆ ಕರೆ ಮಾಡಿ" ಅಂತ ಫೋನ್ ನಂಬರ್ ಮಾತ್ರ ಇದ್ದರೆ ಕಿವಿ ಕೇಳದವರ ಕಥೆ? ಕನ್ನಡದಲ್ಲಿ ಸೂಚನೆ ಇರೋ ಚಾರ್ಜರ್ ಹುಡುಕೋದು ಇನ್ನೊಂದು ಲೇಖನಕ್ಕೆ ವಸ್ತು, ಅದನ್ನ ಕ್ಲಬ್ಬಿನ ಬೇರೆ ಯಾರಾದರೂ ಬರೀರಿ.

ಇದಕ್ಕೆ ತಂತ್ರಜ್ಞಾನ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಐಎಸ್‌ಒ 15118ರಲ್ಲಿ ಪ್ಲಗ್ ಅಂಡ್ ಚಾರ್ಜ್ ಅಂತ ಇದೆ, ಗನ್ ಸಿಕ್ಕಿಸಿದರೆ ಗಾಡಿಯೇ ಚಾರ್ಜರಿಗೆ ತನ್ನ ಗುರುತು ಹೇಳುತ್ತೆ, ಬಿಲ್ಲು ಖಾತೆಗೆ ಹೋಗುತ್ತೆ. ಸ್ಕ್ರೀನಿನ ಎತ್ತರದ ಜಗಳವೇ ಇಲ್ಲ. ಅಷ್ಟು ದೂರ ಬೇಡ ಅಂದ್ರೆ ಓಸಿಪಿಪಿ ಪ್ರೋಟೋಕಾಲಿನಲ್ಲಿ ದೂರದಿಂದಲೇ ಚಾರ್ಜಿಂಗ್ ಶುರುಮಾಡೋ ಆದೇಶ ಇದೆ. ಸಿಎಸ್‌ನವರಿಗೆ ಇನ್ನೊಂದು ವಿಷಯ: ಚಾರ್ಜಿಂಗ್ ಕಂಪನಿಗಳು ತಮ್ಮತಮ್ಮಲ್ಲಿ ಸ್ಟೇಷನ್ ಮಾಹಿತಿ ಹಂಚಿಕೊಳ್ಳೋ ಓಸಿಪಿಐ ಪ್ರೋಟೋಕಾಲಿನಲ್ಲಿ ಪಾರ್ಕಿಂಗ್ ನಿರ್ಬಂಧದ ಪಟ್ಟಿಯಲ್ಲಿ 'ಡಿಸೇಬಲ್ಡ್' ಅನ್ನೋ ಆಯ್ಕೆ ಇದೆ. ಆದರೆ ಅದು ಆ ಜಾಗ ಯಾರಿಗೆ ಮೀಸಲು ಅಂತ ಮಾತ್ರ ಹೇಳುತ್ತೆ. ಕಟ್ಟೆ ಎಷ್ಟು ಎತ್ತರ, ಗೂಟದ ನಡುವೆ ಎಷ್ಟು ಜಾಗ, ಹತ್ತಿರದಲ್ಲಿ ವೀಲ್‌ಚೇರ್ ಹೋಗೋ ಶೌಚಾಲಯ ಇದೆಯಾ ಅನ್ನೋದು ಅದರಿಂದ ಗೊತ್ತಾಗಲ್ಲ. ಈ ಕೊನೆಯದು ಸಣ್ಣ ವಿಷಯ ಅಲ್ಲ. ಪೆಟ್ರೋಲಿಗೆ ಎರಡು ನಿಮಿಷ, ಚಾರ್ಜಿಂಗಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಆ ಮನುಷ್ಯ ಅಲ್ಲೇ ಇರಬೇಕು.

"ಅಯ್ಯೋ, ಪಕ್ಕದಲ್ಲಿ ಯಾರಾದ್ರೂ ಇರ್ತಾರಲ್ಲ, ಸಹಾಯ ಮಾಡ್ತಾರೆ ಬಿಡಿ." ಈ ಮಾತನ್ನ ನಾನು ಅತಿ ಹೆಚ್ಚು ಕೇಳಿದ್ದು, ಹೇಳಿದವರೆಲ್ಲ ಒಳ್ಳೆಯವರೇ. ನಮ್ಮ ಜನ ಸಹಾಯ ಮಾಡ್ತಾರೆ, ನಿಜ. ಆದರೆ ರಾತ್ರಿ ಹತ್ತು ಗಂಟೆಗೆ ಮಾಲ್‌ನ ಬೇಸ್‌ಮೆಂಟಲ್ಲಿ ಯಾರಿರ್ತಾರೆ? ಇದ್ದರೂ, ಗನ್ ಸಿಕ್ಕಿಸೋದರ ಜೊತೆ ಆ್ಯಪ್ ಕೂಡ ಅವರೇ ಒತ್ತಬೇಕು ಅಂದ್ರೆ ಫೋನನ್ನ ಅಪರಿಚಿತರ ಕೈಗೆ ಕೊಟ್ಟು ಯುಪಿಐ ಪಿನ್ ಹೇಳಬೇಕು. ನೀವು ಕೊಡ್ತೀರಾ? ಬಂಕಿನ ಹುಡುಗನ ಹತ್ತಿರ ಸಹಾಯ ಬೇಡೋ ಪ್ರಶ್ನೆಯೇ ಇರಲಿಲ್ಲ. ಕಾರಿನವರಿಗೆ, ಬೈಕಿನವರಿಗೆ, ಸೈಡ್ ವೀಲ್‌ನವರಿಗೆ ಅವನು ಮಾಡ್ತಿದ್ದ ಕೆಲಸ ಒಂದೇ.

ಹಾಗಾಗಿ ನನ್ನ ಮೊದಲ ಬೇಡಿಕೆ ತಂತ್ರಜ್ಞಾನದ್ದೇ ಅಲ್ಲ. ಪೆಟ್ರೋಲ್ ಬಂಕ್ ಆವರಣದಲ್ಲಿ ಈಗಾಗಲೇ ಎಷ್ಟೋ ಚಾರ್ಜರ್ ಇವೆ, ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಸಿಬ್ಬಂದಿ ಇದ್ದಾರೆ. ಕೂತವರ ಕೈಗೆ ಸಿಗೋ ಎತ್ತರದಲ್ಲಿ ಒಂದು ಕಾಲಿಂಗ್ ಬೆಲ್ ಹಾಕಿ, ಒತ್ತಿದರೆ ಬಂದು ಸಿಕ್ಕಿಸಿಕೊಡೋದು ಅವರ ಡ್ಯೂಟಿ ಅಂತ ಬರೆದು ಅಂಟಿಸಿ. ನಾಳೆಯೇ ಮಾಡಬಹುದು. ಇದನ್ನ ಇಂಜಿನಿಯರಿಂಗ್ ಮ್ಯಾಗಜೀನಲ್ಲಿ ಬರೆಯೋಕೆ ಸ್ವಲ್ಪ ನಾಚಿಕೆ ಆಗುತ್ತೆ, ಪರವಾಗಿಲ್ಲ.

ಉಳಿದದ್ದು ಕಾನೂನು. 2016ರ ಕಾಯ್ದೆ ಸರ್ಕಾರಿ ಇರಲಿ ಖಾಸಗಿ ಇರಲಿ, ಸೇವೆ ಕೊಡೋರೆಲ್ಲ ಸುಗಮ್ಯತೆಯ ನಿಯಮ ಪಾಲಿಸಬೇಕು ಅನ್ನುತ್ತೆ. ವಾಹನಗಳನ್ನ ಮಾರ್ಪಡಿಸೋಕೆ ನೆರವು ಕೊಡಬೇಕು ಅನ್ನೋದೂ ಅದರ 41ನೇ ಸೆಕ್ಷನ್ನಿನಲ್ಲಿದೆ. ಗಾಡಿ ಮಾರ್ಪಡಿಸೋಕೆ ನೆರವು ಕೊಟ್ಟು ಚಾರ್ಜ್ ಮಾಡೋಕೆ ಬಿಡದಿದ್ದರೆ ಏನು ಬಂತು? ಬ್ರಿಟನ್ನಿನಲ್ಲಿ 2022ರಲ್ಲೇ ಸುಗಮ್ಯ ಚಾರ್ಜರ್‌ಗೆ ಪಿಎಎಸ್ 1899 ಅನ್ನೋ ಮಾನದಂಡ ಬಂತು, ಕೇಬಲ್ ತೂಕದಿಂದ ಹಿಡಿದು ಗೂಟಗಳ ಅಂತರದವರೆಗೆ. ಆದರೆ ಅದು ಐಚ್ಛಿಕ. ಐಚ್ಛಿಕ ಅಂದ್ರೆ ಏನಾಗುತ್ತೆ ಅಂತ ನಮಗೆ ಇಂಟರ್ನಲ್ಸ್‌ನ ಐಚ್ಛಿಕ ಅಸೈನ್‌ಮೆಂಟಿನಿಂದಲೇ ಗೊತ್ತು. ನಮ್ಮ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸರಿಯಾಗಿ ಇದನ್ನೇ ಹಿಡೀತು. ದೃಷ್ಟಿದೋಷ ಇರೋ ರಾತೂರಿಯವರು 2005ರಲ್ಲಿ ಹಾಕಿದ ಅರ್ಜಿ ಅದು. ಕಾಯ್ದೆ 'ಮಾಡಲೇಬೇಕು' ಅಂತಿರುವಾಗ ನಿಯಮ ಬರೀ ಮಾರ್ಗಸೂಚಿ ಕೊಟ್ಟು ಸುಮ್ಮನಾಗೋದು ಸರಿಯಲ್ಲ ಅಂತ ಹೇಳಿ, ನಿಯಮ 15(1)ನ್ನ ಅಸಿಂಧು ಮಾಡಿ, ಕಡ್ಡಾಯ ನಿಯಮಗಳನ್ನ ಬೇರೆ ಮಾಡಿ ಬರೆಯೋಕೆ ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆ ಬಳಸೋ ಹಕ್ಕನ್ನ ಬದುಕುವ ಹಕ್ಕಿನ ಭಾಗ ಅಂದಿತು. ಆ ಪ್ರಕರಣ ಇ–ಕೆವೈಸಿ ಬಗ್ಗೆ. ಆದರೆ ಚಾರ್ಜಿಂಗ್ ಆ್ಯಪ್‌ಗೆ ಅದೇ ತರ್ಕ ಯಾಕೆ ಅನ್ವಯ ಆಗಬಾರದು ಅಂತ ನನಗೆ ಯಾರಾದರೂ ವಿವರಿಸಲಿ.

ಈಗಲೇ ಇದನ್ನ ಕೂಗಿ ಹೇಳೋಕೆ ಕಾರಣ ಇದೆ. ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜಿಂಗ್‌ಗೆ ಅಂತ ಇಟ್ಟಿದ್ದಾರೆ, ಗುರಿ ಸುಮಾರು 72,000 ಚಾರ್ಜರ್‌ಗಳು. ಕಟ್ಟೆ ಒಂದು ಸಲ ಕಾಂಕ್ರೀಟ್ ಆದ ಮೇಲೆ ಒಡೆಯೋಕೆ ಯಾರೂ ದುಡ್ಡು ಕೊಡಲ್ಲ. ಡ್ರಾಯಿಂಗಲ್ಲಿ ಗೂಟವನ್ನ ಒಂದಡಿ ಸರಿಸೋಕೆ ಒಂದು ಪೈಸೆ ಖರ್ಚಿಲ್ಲ. ಟೆಂಡರಿನಲ್ಲಿ ನಾಲ್ಕು ಅಳತೆ ಬರೆದರೆ ಸಾಕು.

ನಮ್ಮ ಪಾಲಿನ ಬಗ್ಗೆಯೂ ಒಂದು ಮಾತು. ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್ನಿನಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ 'ಸ್ಮಾರ್ಟ್ ಬ್ಲೈಂಡ್ ಸ್ಟಿಕ್' ಕನಿಷ್ಠ ಮೂರಾದರೂ ಇರುತ್ತೆ. ಮಾಡಿದವರು ಕಣ್ಣು ಕಾಣದ ಒಬ್ಬರ ಕೈಗಾದರೂ ಕೊಟ್ಟು ನೋಡಿದ್ದಾರಾ ಅಂತ ಕೇಳಿದರೆ ಗೈಡ್ ಕೂಡ ಮುಖ ಆಕಡೆ ತಿರುಗಿಸ್ತಾರೆ. ಅದರ ಬದಲು ಟೈಪ್ 2 ಗನ್‌ಗೆ ಸಿಕ್ಕಿಸೋ ಒಂದು ಲಿವರ್ ಮಾಡಿ, 59 ನ್ಯೂಟನ್ 22ಕ್ಕೆ ಇಳಿಯುತ್ತಾ ನೋಡಿ. ಸೈಡ್ ವೀಲ್ ಸ್ಕೂಟರಿನ ಪೋರ್ಟನ್ನ ಸೀಟಿನ ಕೆಳಗಿಂದ ಹ್ಯಾಂಡಲ್ ಹತ್ತಿರಕ್ಕೆ ತರೋಕೆ ಆಗುತ್ತಾ ನೋಡಿ. ಮಾಡೋ ಮುಂಚೆ ಆ ಸ್ಕೂಟರ್ ಓಡಿಸೋ ಒಬ್ಬರನ್ನ ಕ್ಯಾಂಟೀನಿಗೆ ಕರೆದು ಟೀ ಕೊಡಿಸಿ ಕೇಳಿ. ಕ್ಯಾಂಟೀನಿಗೆ ಮೂರು ಮೆಟ್ಟಿಲಿದೆ, ರ‍್ಯಾಂಪ್ ಇಲ್ಲ, ಆದ್ದರಿಂದ ಟೀ ಹೊರಗೆ ತರಬೇಕಾಗುತ್ತೆ.

ನಮ್ಮ ಕ್ಯಾಂಪಸ್ಸಿನ ಪಾರ್ಕಿಂಗಿಗೂ ನಾಲ್ಕು ಚಾರ್ಜರ್ ಬರ್ತಿವೆ ಅಂತ ಸುದ್ದಿ. ಸೈಕಲ್ ಸ್ಟ್ಯಾಂಡ್ ಪಕ್ಕ ಸುಣ್ಣದ ಗೆರೆ ಹಾಕಿದ್ದಾರೆ, ಕಾಂಕ್ರೀಟ್ ಇನ್ನೂ ಬಿದ್ದಿಲ್ಲ. ಸೋಮವಾರ ಮಧ್ಯಾಹ್ನ ಲಂಚ್ ಬ್ರೇಕಿನಲ್ಲಿ ಮೇಂಟೆನೆನ್ಸ್ ಸೆಕ್ಷನ್‌ಗೆ ಹೋಗಿ ಡ್ರಾಯಿಂಗ್ ತೋರಿಸಿ ಅಂತ ಕೇಳೋಣ ಅಂತಿದ್ದೀವಿ. ಸಿವಿಲ್‌ನವರು ಒಬ್ಬರಾದರೂ ಜೊತೆಗೆ ಬನ್ನಿ. ಟೇಪು ನಮ್ಮ ಹತ್ತಿರ ಇದೆ.